ನಿಮ್ಮ ಫೋಟೋ ಕದ್ದು ಮಾರುವವರಿಗೆ ಮೊದಲು ಮೆಸೇಜ್ ಹಾಕಬೇಡಿ

ಶ್ರಾವಣದ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ದಾವಣಗೆರೆಯ ಒಬ್ಬ ಹೆಂಗಸು. ನಾನು ಹಲೋ ಅಂದದ್ದೇ ತಡ, ಬೈಯೋಕೆ ಶುರು ಮಾಡಿದರು. "ಕೈಕಸೂತಿ ಅಂತ ಹೇಳಿ ಪ್ರಿಂಟ್ ಸೀರೆ ಕಳಿಸಿದ್ದೀರಲ್ರೀ, ನಾಚಿಕೆ ಆಗಲ್ವಾ ನಿಮಗೆ?"

ನಾನು ದಾವಣಗೆರೆಗೆ ಇದುವರೆಗೆ ಒಂದು ಕರ್ಚೀಫನ್ನೂ ಕಳಿಸಿದವಳಲ್ಲ. ಧಾರವಾಡದಲ್ಲಿ ಮನೆಯಲ್ಲೇ ಕೂತು ನಾನು, ನಮ್ಮತ್ತೆ, ಓಣಿಯ ಇನ್ನಿಬ್ಬರು ಕಸೂತಿ ಹಾಕುತ್ತೇವೆ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ಸೀರೆ. ಯಾರಿಗೆ ಯಾವ ಸೀರೆ ಹೋಯಿತು ಅಂತ ಬಾಯಿಪಾಠ ಬರುತ್ತದೆ. ಹಾಗಂತ ಹೇಳಿದರೂ ಅವರು ನಂಬಲಿಲ್ಲ. ಸೀರೆ ಮಾರಿದವರು ಫೋನ್ ಎತ್ತದೇ ಇದ್ದಾಗ ಅವರ ಮಗ ಆ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿದ್ದಾನೆ. ನನ್ನ ಇನ್‌ಸ್ಟಾಗ್ರಾಂ ಪೇಜು ಸಿಕ್ಕಿದೆ. ಅಲ್ಲಿ ನನ್ನ ನಂಬರ್ ಇತ್ತು. ಕಳ್ಳ ನಾನೇ ಅಂದುಕೊಂಡಿದ್ದಾರೆ.

ಸೀರೆ ಕೊಂಡ ಆನ್‌ಲೈನ್ ಮಾರುಕಟ್ಟೆಯ ಸ್ಕ್ರೀನ್‌ಶಾಟ್ ಕಳಿಸಿದರು. ನೋಡಿ ಎದೆ ಧಸಕ್ ಅಂತು. ನಮ್ಮದೇ ಕಪ್ಪು ಚಂದ್ರಕಾಳಿ ಸೀರೆ. ಸೆರಗಿನ ಮೇಲೆ ಸಾಲಾಗಿ ಗೋಪುರ. ಅಡ್ಡ ಬಿದ್ದ ಕಿಟಕಿ ಸರಳುಗಳ ನೆರಳು. ಎಡಗಡೆ ಅಂಚಿನಲ್ಲಿ ಸೀರೆ ಹಿಡಿದ ಒಂದು ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಅರಿಶಿಣ. ಕೆಳಗೆ 3,999ಕ್ಕೆ ಗೀಟು ಹೊಡೆದು 799 ಅಂತ ಬರೆದಿದ್ದರು. ನಾವು ಆ ಸೀರೆಗೆ ಎರಡೂವರೆ ತಿಂಗಳು ಕೂತಿದ್ದೆವು.

ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಇದು ನಮ್ಮ ಕಿಡಕಿ ಅಲ್ಲೇನವಾ?" ಅಂದರು. ಆಮೇಲೆ, "ನನ್ನ ಬಟ್ಟೂ ಸೇರಿಸಿ ಮಾರ್ಯಾರ ನೋಡು."

ಇನ್ನೂ ಒಂದು ಗುರುತಿತ್ತು. ಮೂರನೇ ಗೋಪುರದ ತುದಿಯಲ್ಲಿ ಒಂದು ಹೊಲಿಗೆ ಇಲ್ಲ. ಕಸೂತಿಗೆ ಪೆನ್ಸಿಲ್ ಗೀಟು ಹಾಕುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು. ಅವತ್ತು ಕರೆಂಟ್ ಹೋಗಿ ನನ್ನ ಎಣಿಕೆ ತಪ್ಪಿತ್ತು. ಬಿಚ್ಚಿ ಸರಿ ಮಾಡುವ ಮೊದಲೇ ಫೋಟೋ ತೆಗೆದಾಗಿತ್ತು. ಆ ತಪ್ಪು ಪ್ರಪಂಚದಲ್ಲಿ ಇನ್ನು ಯಾರ ಸೀರೆಯಲ್ಲೂ ಇರಲು ಸಾಧ್ಯವಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನೀವು ಮಾಡಬೇಡಿ.

ಸಿಟ್ಟಿನಲ್ಲಿ ನೇರವಾಗಿ ಆ ಅಂಗಡಿಯವನಿಗೇ ಮೆಸೇಜ್ ಹಾಕಿದೆ. ಇದು ನಮ್ಮ ಫೋಟೋ, ಈಗಿಂದೀಗ ತೆಗಿ, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ಹೀಗೇ ಏನೇನೋ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಮೇಡಂ, ಇದು ಗೂಗಲ್ ಫೋಟೋ. ಎಲ್ಲರೂ ಹಾಕ್ತಾರೆ." ಸಂತೆಯಲ್ಲಿ ಕಣ್ಣಿಗೆ ಬಿದ್ದ ಎಮ್ಮೆಯೆಲ್ಲ ನಂದೇ ಅಂದ ಹಾಗಿತ್ತು. ನಾನು ಮತ್ತೆ ಬರೆಯುವಷ್ಟರಲ್ಲಿ ಬ್ಲಾಕ್ ಮಾಡಿದ್ದ. ಸಂಜೆಗೆ ಆ ಸೀರೆಯೇ ಅವನ ಅಂಗಡಿಯಿಂದ ಮಾಯ. ನಾನು ಗೆದ್ದೆ ಅಂದುಕೊಂಡು ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ಮೂರನೇ ದಿನ ಅದೇ ಮಾರುಕಟ್ಟೆಯಲ್ಲಿ ಬೇರೆ ಹೆಸರಿನ ಅಂಗಡಿ, ಅದೇ ಫೋಟೋ. ಈ ಸಲ ಎಡದ್ದು ಬಲಕ್ಕೆ ತಿರುಗಿಸಿದ್ದರು, ಅತ್ತೆಯ ಬೆರಳನ್ನು ಕತ್ತರಿಸಿದ್ದರು. ಮೂಲೆಯಲ್ಲಿ ನಾನು ಹಾಕಿದ್ದ ನಮ್ಮ ಹೆಸರನ್ನಂತೂ ಮೊದಲ ಸಲವೇ ಕತ್ತರಿಸಿ ಎಸೆದಿದ್ದರು. ಇಬ್ಬರೂ ಒಬ್ಬರೇನಾ ಅಂತ ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹಳೆಯ ಲಿಂಕ್ ಇಟ್ಟುಕೊಂಡಿರಲಿಲ್ಲ. ಅಂಗಡಿಯ ವಿಳಾಸ ಬರೆದುಕೊಂಡಿರಲಿಲ್ಲ. ಇದ್ದದ್ದು ದಾವಣಗೆರೆಯವರು ಕಳಿಸಿದ್ದ ಅರ್ಧಂಬರ್ಧ ಸ್ಕ್ರೀನ್‌ಶಾಟ್ ಒಂದೇ.

ಅದಕ್ಕೇ ಹೇಳುವುದು, ಕಂಡ ತಕ್ಷಣ ಬಾಯಿ ಮುಚ್ಚಿಕೊಂಡು ಮೊದಲು ಎಲ್ಲವನ್ನೂ ಎತ್ತಿಟ್ಟುಕೊಳ್ಳಿ. ಆ ಸರಕಿನ ಪುಟದ ಪೂರ್ತಿ ಲಿಂಕ್ ಕಾಪಿ ಮಾಡಿ. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪುಟವನ್ನು ಮೇಲಿಂದ ಕೆಳಗೆ ಸರಿಸುತ್ತಾ ಒಂದು ಸ್ಕ್ರೀನ್ ರೆಕಾರ್ಡಿಂಗ್ ಮಾಡಿದರೆ ಇನ್ನೂ ಒಳ್ಳೆಯದು. ಮಾರುವವರ ಹೆಸರಿನ ಮೇಲೆ ಒತ್ತಿ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಮಾರುಕಟ್ಟೆಗಳು ಮಾರುವವರ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್ ತೋರಿಸಬೇಕು. ಎಷ್ಟೋ ಸಲ ಅದು ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ.

ಎರಡನೇ ಅಂಗಡಿ ಸಿಕ್ಕಾಗ ನಾನು ಬಾಯಿ ಬಿಡಲಿಲ್ಲ. ಮಾರುಕಟ್ಟೆಯವರದೇ ದೂರಿನ ಫಾರಂ ಹುಡುಕಿ ತುಂಬಿದೆ. 'ನಮ್ಮ ಗೋಪುರದ ಡಿಸೈನ್ ಕದ್ದಿದ್ದಾರೆ' ಅಂತ ಬರೆದೆ. ಎರಡು ದಿನಕ್ಕೆ ತಿರಸ್ಕಾರವಾಗಿ ವಾಪಸ್ ಬಂತು.

ಮೊದಲು ಬೇಜಾರಾಯಿತು, ಆಮೇಲೆ ಯೋಚಿಸಿದರೆ ಅವರು ತಿರಸ್ಕರಿಸಿದ್ದು ಸರಿಯೇ. ಗೋಪುರ, ಆನೆ ಅಂಬಾರಿ, ತುಳಸಿಕಟ್ಟೆ, ರಥ ಇವೆಲ್ಲ ನಮ್ಮಜ್ಜಿಯ ಅಜ್ಜಿಯೂ ಹಾಕುತ್ತಿದ್ದದ್ದು. ಅದು ಯಾರೊಬ್ಬರದೂ ಅಲ್ಲ. ಕಸೂತಿಗೆ ಜಿಐ ಗುರುತು, ಅಂದರೆ ಈ ಕೆಲಸ ಈ ಸೀಮೆಯದು ಅನ್ನೋ ಸರ್ಕಾರಿ ಗುರುತು, ಇದೆ ನಿಜ, ಆದರೆ ಅದು ನನ್ನ ಸ್ವಂತ ಆಸ್ತಿಯಲ್ಲ. ನಾನು ನಂದು ಅಂತ ಎದೆ ತಟ್ಟಿ ಹೇಳಬಹುದಾದ್ದು ಆ ಫೋಟೋ ಒಂದನ್ನೇ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೋ ಕೂಡ ಒಂದು ಕಲಾಕೃತಿ. ನೋಂದಣಿ ಮಾಡಿಸದಿದ್ದರೂ ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಹಾಗಾಗಿ ದೂರಿನಲ್ಲಿ ಡಿಸೈನ್, ಸಂಸ್ಕೃತಿ, ನಮ್ಮ ಕಷ್ಟ, ಕಣ್ಣೀರು ಯಾವುದೂ ಬೇಡ. ಇಗೋ ನಮ್ಮ ಫೋಟೋ, ಇಗೋ ಅವರ ಲಿಂಕ್, ಎರಡೂ ಒಂದೇ, ನಾವು ಅನುಮತಿ ಕೊಟ್ಟಿಲ್ಲ. ಅಷ್ಟು ಸಾಕು.

ಮತ್ತೆ ಫಾರಂ ತುಂಬೋಕೆ ಕೂತೆ. ಆಗ ಇನ್ನೊಂದು ತೊಡಕು ಎದುರಾಯಿತು. 'ಈ ಫೋಟೋದ ಹಕ್ಕುದಾರರು ನೀವೇನಾ?' ಅಂತ ಕೇಳುತ್ತದೆ. ಹೌದು ಅಂತ ಒತ್ತುವವಳಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಅಣ್ಣನ ಮಗಳು, ಕಾನೂನು ಓದುತ್ತಿದ್ದಾಳೆ, ಕೈ ಹಿಡಿದಳು. "ಅತ್ತಿ, ಫೋಟೋ ತಗದಾಕಿ ನಾನು."

ಹೌದಲ್ಲ! ಸೀರೆ ನಂದು, ಹೊಲಿಗೆ ನಂದು, ಕಿಟಕಿ ನಂದು, ಬೆರಳು ಅತ್ತೆದು. ಆದರೆ ಫೋಟೋ ತೆಗೆದದ್ದು ಅವಳು, ಅವಳದೇ ಫೋನಿನಲ್ಲಿ. ಕಾಯ್ದೆ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ದುಡ್ಡು ಕೊಟ್ಟು ತೆಗೆಸಿಕೊಂಡಿದ್ದರೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿಕೊಂಡವರಿಗೆ ಹಕ್ಕು ಹೋಗುತ್ತದೆ. ನಾನು ಅವತ್ತು ಅವಳಿಗೆ ಕೊಡಿಸಿದ್ದು ಒಂದು ಪ್ಲೇಟ್ ಗಿರಮಿಟ್ಟು. ಗಿರಮಿಟ್ಟು ಸಂಭಾವನೆ ಆಗುತ್ತದೋ ಇಲ್ಲವೋ ಅಂತ ಅವಳೂ ನಾನೂ ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ಅವಳ ಹೆಸರಿನಲ್ಲೇ ದೂರು ಹೋಯಿತು. ನಿಮ್ಮ ಫೋಟೋಗಳನ್ನು ತಮ್ಮನೋ, ಗೆಳತಿಯೋ, ಸ್ಟುಡಿಯೋದವರೋ ತೆಗೆದಿದ್ದರೆ ಈಗಲೇ ಒಂದು ಸಾಲು ಬರೆಸಿಕೊಳ್ಳಿ. ದೂರಿನಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕಳ್ಳನ ಕೈಗೆ ನಾವೇ ಕೋಲು ಕೊಟ್ಟ ಹಾಗೆ.

ಆ ಹುಡುಗಿಯ ಪುಣ್ಯ, ಮೂಲ ಫೋಟೋ ಅವಳ ಫೋನಿನಲ್ಲಿ ಹಾಗೇ ಇತ್ತು. ನನ್ನ ಹತ್ತಿರ ಇದ್ದದ್ದು ಅವಳು ವಾಟ್ಸಾಪ್‌ನಲ್ಲಿ ಕಳಿಸಿದ ಕಾಪಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಸಣ್ಣದಾಗುತ್ತದೆ. ಯಾವ ಫೋನು, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದದ್ದು ಅನ್ನೋ ಒಳಗಿನ ಮಾಹಿತಿಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಉಳಿಯುತ್ತದೆ. ಮೂಲದಲ್ಲಿ ಅತ್ತೆಯ ಅರ್ಧ ಕೈ, ಪಕ್ಕದಲ್ಲಿ ದಾರದ ಡಬ್ಬಿ, ಮೂಲೆಯಲ್ಲಿ ಬೆಕ್ಕಿನ ಬಾಲ ಎಲ್ಲ ಇತ್ತು. ಕತ್ತರಿಸಿದ ಫೋಟೋ ಇರುವವನ ಹತ್ತಿರ ಬೆಕ್ಕಿನ ಬಾಲ ಎಲ್ಲಿಂದ ಬರಬೇಕು? ನಿಮ್ಮ ಫೋಟೋ ಚೆಂದ ಮಾಡಿ ಹಾಕಿ, ಬೇಡ ಅನ್ನಲ್ಲ. ಆದರೆ ಕತ್ತರಿಸದ ಮೂಲವನ್ನು ಫೋನು ತುಂಬಿತು ಅಂತ ಅಳಿಸಬೇಡಿ.

ದೂರು ಕೊಟ್ಟ ನಾಲ್ಕನೇ ದಿನಕ್ಕೆ ಆ ಪುಟ ಹೋಯಿತು. 2013ರ ಕಾಪಿರೈಟ್ ನಿಯಮಗಳಲ್ಲಿ ಬರಹದ ದೂರು ಸಿಕ್ಕ 36 ಗಂಟೆಯೊಳಗೆ ತೆಗೆಯಬೇಕು ಅಂತಿದೆ. 21 ದಿನದಲ್ಲಿ ನಾವು ಕೋರ್ಟಿನ ಆದೇಶ ತಂದುಕೊಡದಿದ್ದರೆ ಮಾರುಕಟ್ಟೆಯವರು ಮತ್ತೆ ಹಾಕಬಹುದು ಅಂತಲೂ ಅಲ್ಲೇ ಇದೆ. ಕೋರ್ಟಿಗೆ ಹೋಗುವುದಾದರೆ ಅವನ ಊರಿಗೆ ಅಲೆಯಬೇಕಿಲ್ಲ, ನಾವಿರುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ಗೊತ್ತಿದ್ದೇ ಮಾಡಿದ ಕಳ್ಳತನಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲೂ ಇದೆ. ಕಾಗದದ ಮೇಲೆ ಎಲ್ಲ ಗಟ್ಟಿಯಾಗಿದೆ. ಆದರೆ ವಕೀಲರ ಫೀಸು ಕೇಳಿದ ಮೇಲೆ ನಮ್ಮ ಸೀರೆಯೇ ಅಗ್ಗ ಅನ್ನಿಸಿತು. ಸುಮ್ಮನಾದೆವು.

ದೂರು ಕೊಡುವಾಗ ಇನ್ನೊಂದು ನೆನಪಿಡಿ. ನೀವು ಹಾಕಿದ ಹೆಸರು, ಇಮೇಲ್ ಎದುರಿನವನಿಗೂ ಹೋಗಬಹುದು. ಫಾರಂನಲ್ಲೇ ಸಣ್ಣ ಅಕ್ಷರದಲ್ಲಿ ಹಾಗಂತ ಬರೆದಿರುತ್ತಾರೆ. ಬ್ಯಾಂಕಿಗೆ ಕೊಟ್ಟ ಇಮೇಲ್ ಅಲ್ಲಿ ಹಾಕಬೇಡಿ. ಇದಕ್ಕೇ ಅಂತ ಬೇರೆ ಒಂದು ಮಾಡಿಕೊಳ್ಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಆದದ್ದು ಈ ಕಳ್ಳನಿಂದಲ್ಲ, ಆಮೇಲೆ ಬಂದವರಿಂದ. ಸಂಕಟ ತಡೆಯದೆ ನಮ್ಮ ಪೇಜಿನಲ್ಲಿ ಎಲ್ಲ ಬರೆದುಕೊಂಡಿದ್ದೆ. ಅವತ್ತೇ ರಾತ್ರಿ ಒಬ್ಬ ಮೆಸೇಜ್ ಮಾಡಿದ. ನಾವು ಕಾಪಿರೈಟ್ ಟೀಮು, 2,500 ಕೊಟ್ಟರೆ 24 ಗಂಟೆಯಲ್ಲಿ ಎಲ್ಲ ಕಡೆಯಿಂದ ತೆಗೆಸುತ್ತೇವೆ ಅಂದ. ಮರುದಿನ ಇನ್ನೊಂದು ಮೆಸೇಜ್. ನಿಮ್ಮ ಪೇಜಿನ ಮೇಲೇ ಕಾಪಿರೈಟ್ ದೂರು ಬಂದಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿ, ಇಲ್ಲದಿದ್ದರೆ ಪೇಜು ಮುಚ್ಚುತ್ತದೆ ಅಂತ. ಕಂಪನಿಯ ಲೋಗೋ ಬೇರೆ ಇತ್ತು. ನಿಜ ಹೇಳ್ತೀನಿ, ಬೆರಳು ಲಿಂಕಿನ ಮೇಲೆ ಇತ್ತು. ಬಿದ್ದ ಗಾಯಕ್ಕೆ ನೊಣ ಬರುವುದು ಹೀಗೇ. ದೂರು ಕೊಡೋಕೆ ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ದಾವಣಗೆರೆಯವರ ಕಥೆ ಹೇಳಿಬಿಡುತ್ತೇನೆ. ಬಂದ ಸೀರೆಯನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ ಅಂದೆ. ತಿರುಗಿಸಿ ತೋರಿಸಿದರು. ಹಿಂದೆ ಬಿಳಿಚಿಕೊಂಡ ಪಾಲಿಯೆಸ್ಟರ್, ಒಂದು ಎಳೆ ದಾರವಿಲ್ಲ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡೂ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತವೆ, ಎಲ್ಲೂ ಗಂಟು ಸಿಗುವುದಿಲ್ಲ. ಕೊಳ್ಳುವವರು ಹಿಂಬದಿಯ ಫೋಟೋ ಕೇಳಿ, ಸಾಕು. ಕದ್ದವರ ಹತ್ತಿರ ಅದು ಇರುವುದಿಲ್ಲ. ತೋರಿಸಿದ್ದೇ ಒಂದು, ಕಳಿಸಿದ್ದೇ ಒಂದು ಆದರೆ ವಾಪಸ್ ತೆಗೆದುಕೊಳ್ಳಲ್ಲ ಅಂತ ಮಾರಿದವರು ಹೇಳುವ ಹಾಗಿಲ್ಲ, ಅದೇ 2020ರ ನಿಯಮದಲ್ಲೇ ಇದೆ. ದಾವಣಗೆರೆಯವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದರು. ಮೂರು ವಾರಕ್ಕೆ ದುಡ್ಡು ಬಂತು. ಯಾವುದೋ ಪೇಜಿನವರಿಗೆ ನೇರವಾಗಿ ಯುಪಿಐ ಮಾಡಿ ಮೋಸ ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅದೂ ಕೂಡಲೇ. ತಡವಾದಷ್ಟೂ ದುಡ್ಡು ಕೈ ಬಿಟ್ಟು ದೂರ ಹೋಗುತ್ತದೆ.

ಈಗ ನಮ್ಮ ಹೆಸರನ್ನು ಮೂಲೆಯಲ್ಲಿ ಹಾಕುತ್ತಿಲ್ಲ, ಹೊಲಿಗೆಯ ಮೇಲೇ ತೆಳ್ಳಗೆ ಹಾಯಿಸುತ್ತೇನೆ. ಫೋಟೋದ ಅಂದ ಕೆಡುತ್ತದೆ, ನನಗೂ ಇಷ್ಟವಿಲ್ಲ. ಪ್ರತಿ ಸೀರೆಯ ಹಿಂಬದಿಯದು ಹತ್ತು ಸೆಕೆಂಡಿನ ವಿಡಿಯೋ ತೆಗೆದಿಡುತ್ತೇನೆ. ಅತ್ತೆಯಂತೂ ಬೆರಳು ಕಾಣದೆ ಫೋಟೋ ತೆಗೆಯೋಕೇ ಬಿಡುವುದಿಲ್ಲ, ಈಗ ನಾಲ್ಕೂ ಬೆರಳು ಮುಂದೆ ಚಾಚುತ್ತಾರೆ.

ಹೋದ ವಾರ ಅದೇ ಗೋಪುರ ಮತ್ತೊಂದು ಕಡೆ ಕಂಡಿತು, ಮೂರನೇದರಲ್ಲಿ ಒಂದು ಹೊಲಿಗೆ ಇಲ್ಲದೆ. ಲಿಂಕ್ ತೆಗೆದುಕೊಂಡೆ, ಸ್ಕ್ರೀನ್ ರೆಕಾರ್ಡ್ ಮಾಡಿದೆ, ಅಂಗಡಿಯವನಿಗೆ ಒಂದು ಅಕ್ಷರ ಬರೆಯಲಿಲ್ಲ. ಅಣ್ಣನ ಮಗಳಿಗೆ ಫೋನ್ ಮಾಡಿ ಫಾರಂ ತುಂಬಲು ಬಾ ಅಂದೆ. ಈ ಸಲ ಗಿರಮಿಟ್ಟಿನ ಜೊತೆ ಮಿರ್ಚಿಯೂ ಬೇಕಂತೆ.