ತೋಟದ ಗಡಿ ಕಾಯಲು ಸಿಮ್ ಕ್ಯಾಮೆರಾನೋ, ತಂತಿ ಕ್ಯಾಮೆರಾನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಂತಿಗೆ. ಸೋಲಾರ್ ಪ್ಯಾನೆಲ್ಲು, ಸಿಮ್ ಕಾರ್ಡು ಇರುವ ಕ್ಯಾಮೆರಾಗಳಿಗೆ ಇಪ್ಪತ್ತೈದು ಸಾವಿರ ಸುರಿದು, ಒಂದು ಮಳೆಗಾಲ ಕಳೆದ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ಎರಡೂ ಕಡೆ ಸಮ ತೂಗಿ ಬರೆದದ್ದು ಅಂದುಕೊಂಡು ಓದಬೇಡಿ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಎಂಟು ಎಕರೆ ಅಡಿಕೆ ತೋಟ. ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಮಲಗಿದೆ. ಮೇಲ್ತುದಿಯಲ್ಲಿ ಮನೆ, ಕೆಳತುದಿಯಲ್ಲಿ ಪಂಪ್‌ಶೆಡ್ಡು, ನಡುವೆ 380 ಮೀಟರ್. ಗಡಿಯನ್ನು ಸುತ್ತ ನಡೆದರೆ ಒಂದು ಕಿಲೋಮೀಟರಿನ ಆಸುಪಾಸು. 2023ರ ಕೊಯ್ಲಿನಲ್ಲಿ ಕೆಳತುದಿಯಿಂದ ಎರಡು ರಾತ್ರಿ ಹಸಿ ಅಡಿಕೆಯ ಕೊನೆ (ಗೊನೆ) ಇಳಿಸಿಕೊಂಡು ಹೋದರು. ಮೊದಲೆಲ್ಲ ಅಡಿಕೆ ಕದಿಯಬೇಕಾದರೆ ಮರ ಹತ್ತಲಿಕ್ಕೆ ಬರಬೇಕಿತ್ತು. ಈಗ ಕೊನೆ ಕೊಯ್ಯುವ ಉದ್ದದ ಫೈಬರ್ ದೋಟಿ ಬಂದಿದೆ, ಕಳ್ಳರಿಗೂ ನೆಲದ ಮೇಲೆ ನಿಂತೇ ಕೆಲಸ.

ಹೊಟ್ಟೆ ಉರಿಯಲ್ಲಿ ಮಾಡಿದ ಖರೀದಿ ಅಂದರೆ ಹೀಗೇ. ಜನವರಿಯಲ್ಲಿ ಆನ್‌ಲೈನಿನಲ್ಲಿ ಮೂರು ಸೋಲಾರ್ ಸಿಮ್ ಕ್ಯಾಮೆರಾ ತರಿಸಿದೆ. ತಂತಿ ಎಳೆಯುವುದಿಲ್ಲ, ಕರೆಂಟ್ ಬೇಡ, ಕಂಬಕ್ಕೆ ಕಟ್ಟಿದರೆ ಮುಗಿಯಿತು. ಅರ್ಧ ದಿನದಲ್ಲಿ ಮೂರನ್ನೂ ಕಟ್ಟಿ, ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಫೋನಿನಲ್ಲಿ ಕೆಳತೋಟ ನೋಡಿದೆ. ಆ ದಿನ ನನ್ನಷ್ಟು ಖುಷಿಯಾದವನು ಊರಲ್ಲಿ ಇನ್ನೊಬ್ಬನಿರಲಿಲ್ಲ. ಫೆಬ್ರವರಿ, ಮಾರ್ಚ್ ಯಾವ ತಕರಾರೂ ಇಲ್ಲ.

ಏಪ್ರಿಲ್ ಮಧ್ಯಾಹ್ನಗಳಲ್ಲಿ ಮೊದಲ ಅನುಮಾನ ಬಂತು. ಈ ಕ್ಯಾಮೆರಾಗಳು ಬ್ಯಾಟರಿ ಉಳಿಸಲು ಸದಾ ನಿದ್ದೆಯಲ್ಲಿರುತ್ತವೆ. ಮೈಶಾಖ ತಗಲಿದರೆ ಮಾತ್ರ ಎದ್ದು ರೆಕಾರ್ಡ್ ಮಾಡುತ್ತವೆ. ಹೊರಗಿನ ಸೆಕೆಯೂ ಮೈಶಾಖವೂ ಹೆಚ್ಚುಕಮ್ಮಿ ಒಂದೇ ಆದಾಗ ಅವಕ್ಕೆ ಮನುಷ್ಯ ಕಾಣುವುದೇ ಇಲ್ಲ. ಎದುರಿಗೇ ಮೂರು ಸಲ ಓಡಾಡಿದೆ, ಒಂದು ಸಲ ಎಚ್ಚರವಾಯಿತು. ರಾತ್ರಿಯ ತಂಪಿನಲ್ಲಿ ಚೆನ್ನಾಗಿಯೇ ಏಳುತ್ತಿತ್ತು. ಆದರೆ ಹತ್ತು ಮೀಟರ್ ದಾಟಿದರೆ ಅದಕ್ಕೆ ಲೆಕ್ಕವಿಲ್ಲ. ಒಂದು ಕಿಲೋಮೀಟರ್ ಗಡಿಗೆ ಹತ್ತು ಮೀಟರ್ ಕಣ್ಣು ಯಾವ ಮೂಲೆಗೆ ಸಾಕು?

ಆಮೇಲೆ ಮಳೆ. ಮೃಗಶಿರ ಹೇಗೋ ಕಳೆಯಿತು. ಆರಿದ್ರಾಕ್ಕೆ ಒಂದು ಮಲಗಿತು, ಪುನರ್ವಸುವಿಗೆ ಇನ್ನೆರಡೂ ಮಲಗಿದವು. ಸೋಲಾರ್ ಅಂದಮೇಲೆ ಬಿಸಿಲು ಬೇಕು ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಅಡಿಕೆ ತೋಟದ ಒಳಗೆ ಬೇಸಿಗೆಯಲ್ಲೂ ನೆರಳೇ, ಜುಲೈಯಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಇಲ್ಲ ಅನ್ನುವುದನ್ನು ಖರೀದಿ ಮಾಡುವ ಹೊತ್ತಿಗೆ ಸುಮ್ನೆ ಮರೆತಿದ್ದೆ. ಏಣಿ ಹೊತ್ತು ಹೋಗಿ ಮೂರನ್ನೂ ಇಳಿಸಿ, ಮನೆಗೆ ತಂದು ಚಾರ್ಜ್ ಮಾಡಿ, ಮತ್ತೆ ಉಂಬಳದ (ಜಿಗಣೆಯ) ನಡುವೆ ಹೋಗಿ ಕಟ್ಟುವುದು. ಎರಡು ಸಲ ಮಾಡಿದೆ. ಮೂರನೇ ಸಲ ಅಟ್ಟಕ್ಕೆ ಹಾಕಿದೆ.

ಸಿಮ್ಮಿನ ಖರ್ಚೂ ಇದೆ. ಒಂದೊಂದಕ್ಕೂ ಬೇರೆ ಸಿಮ್, ಬೇರೆ ರೀಚಾರ್ಜು. 28 ದಿನಕ್ಕೊಮ್ಮೆ ಅಂದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ. ಮೂರು ಕ್ಯಾಮೆರಾಕ್ಕೆ ಮೂವತ್ತೊಂಬತ್ತು. ಒಂದನ್ನು ಮರೆತರೂ ಅದು ಕುರುಡು.

ನಡುವೆ ಇನ್ನೊಂದು ಪ್ರಯೋಗ. ನೆಂಟರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಒಂದು ಜೊತೆ ವೈರ್‌ಲೆಸ್ ರೇಡಿಯೋ ತಂದು ಮನೆಯಿಂದ ಪಂಪ್‌ಶೆಡ್ಡಿಗೆ ಹೊಡೆಸಿದೆ. ಅವು 5 ಗಿಗಾಹರ್ಟ್ಸಿನವು, ಒಂದಕ್ಕೊಂದು ನೇರ ಕಾಣಬೇಕು. ನಡುವೆ ಐವತ್ತು ಅಡಿ ಎತ್ತರದ ಮರಗಳು. ಒಣ ಎಲೆ ಇರುವಾಗ ಅಲ್ಪಸ್ವಲ್ಪ ನಡೆಯುತ್ತದೆ, ಎಲೆ ಒದ್ದೆಯಾದರೆ ಚಿತ್ರ ಬರುವುದೇ ಇಲ್ಲ. ಬಯಲುಸೀಮೆಯ ತೆರೆದ ಹೊಲಕ್ಕೆ ಇದು ಬಂಗಾರದಂಥ ವಸ್ತು. ನಮಗಲ್ಲ.

ಕಾಡಿನಲ್ಲಿ ಹುಲಿ ಎಣಿಸಲು ಕಟ್ಟುತ್ತಾರಲ್ಲ, ಆ ಥರದ ಟ್ರ್ಯಾಪ್ ಕ್ಯಾಮೆರಾ ಒಂದನ್ನೂ ಬೆಟ್ಟದ ಕಡೆ ಕಟ್ಟಿದ್ದೇನೆ. ಎಂಟು ಪೆನ್‌ಸೆಲ್ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಕಾಡುಹಂದಿ ಎಲ್ಲಿಂದ ಗಡಿಯ ಅಗಳ (ಕಂದಕ) ದಾಟುತ್ತದೆ, ಮುಳ್ಳುಹಂದಿ ಎಷ್ಟು ಹೊತ್ತಿಗೆ ಬರುತ್ತದೆ ಎಲ್ಲ ಗೊತ್ತಾಯಿತು. ಪ್ರಾಣಿ ಲೆಕ್ಕಕ್ಕೆ ಇದೇ ಸಾಕು. ಮನುಷ್ಯರ ವಿಷಯಕ್ಕೆ ಮಾತ್ರ ಬೇಡ. ಕಾರ್ಡ್ ತೆಗೆದು ನೋಡುವಾಗ ವಾರ ಕಳೆದಿರುತ್ತದೆ. ಕಳ್ಳ ಕ್ಯಾಮೆರಾವನ್ನೇ ಬಿಚ್ಚಿಕೊಂಡು ಹೋದರೆ ಅವನ ಫೋಟೋ ಅವನ ಹತ್ತಿರವೇ ಉಳಿಯುತ್ತದೆ.

ಈಗ ತಂತಿಗೆ ಬರುತ್ತೇನೆ. ಕರೆಂಟು, ಚಿತ್ರ ಎರಡೂ ಒಂದೇ ಕೇಬಲ್ಲಿನಲ್ಲಿ ಹೋಗುವ ಪಿಒಇ ಕ್ಯಾಮೆರಾ ನಾಲ್ಕು ತಂದೆ. ಈ ತಾಮ್ರದ ಕೇಬಲ್ಲಿಗೆ ನೂರು ಮೀಟರ್ ಗಡಿ, ನಮಗೆ ಬೇಕಾದ್ದು 380. ಅಲ್ಲಿಗೇ ಕೈಬಿಡುತ್ತಿದ್ದೆನೋ ಏನೋ, ಊರಿಗೆ ಇಂಟರ್ನೆಟ್ ಎಳೆಯುವ ಕೇಬಲ್ ಹುಡುಗ ದಾರಿ ತೋರಿಸಿದ. ‘ಅಣ್ಣಾ, ಶೆಡ್ಡಿನ ತನಕ ಫೈಬರ್ ಎಳೀರಿ, ಅಲ್ಲಿಂದ ಆಚೆ ತಾಮ್ರ ಹಾಕಿ’ ಅಂದ. ಫೈಬರ್ ಅಂದರೆ ಬೆಳಕಿನಲ್ಲಿ ಚಿತ್ರ ಒಯ್ಯುವ ಗಾಜಿನ ಎಳೆ, ಅದಕ್ಕೆ ನೂರು ಮೀಟರಿನ ಗಡಿಯಿಲ್ಲ. ಹಾಗೇ ಮಾಡಿದೆವು. ಅಗಳದ ಅಂಚಿನಲ್ಲಿ ಒಂದೂವರೆ ಅಡಿ ಕಾಲುವೆ ತೋಡಿ, ಡ್ರಿಪ್ಪಿನ ಹಳೇ ಕಪ್ಪು ಪೈಪಿನೊಳಗೆ ಫೈಬರ್ ತೂರಿಸಿದೆವು. ತೋಡಲು ಇಬ್ಬರಿಗೆ ಐದು ದಿನ.

ಫೈಬರಿನ ನಿಜವಾದ ಬೆಲೆ ಗೊತ್ತಾದದ್ದು ಮುಂದಿನ ಏಪ್ರಿಲ್ಲಿನ ಗುಡುಗಿನಲ್ಲಿ. ಶೆಡ್ಡಿನ ಹತ್ತಿರ ಎಲ್ಲೋ ಸಿಡಿಲು ಬಿತ್ತು. ತಾಮ್ರದ ತುದಿಯಲ್ಲಿದ್ದ ಒಂದು ಕ್ಯಾಮೆರಾ, ಕೇಬಲ್ಲುಗಳನ್ನೆಲ್ಲ ಕೂಡಿಸುವ ಸ್ವಿಚ್ಚಿನ ಎರಡು ಪೋರ್ಟು ಹೋದವು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ, ಮನೆಯಲ್ಲಿದ್ದ ರೆಕಾರ್ಡರ್, ಟಿವಿ ಎಲ್ಲ ಉಳಿದವು. ಅಷ್ಟೂ ದೂರ ತಾಮ್ರವೇ ಆಗಿದ್ದರೆ ಈ ಬರಹದಲ್ಲಿ ನನ್ನ ಓಟು ಯಾರಿಗೂ ಇರುತ್ತಿರಲಿಲ್ಲ.

ಆದರೆ ನನ್ನ ತಂತಿ ಕ್ಯಾಮೆರಾಕ್ಕೂ ಒಂದು ಶತ್ರು ಇದೆ. ಕಳ್ಳನಲ್ಲ, ಹಂದಿಯಲ್ಲ, ಜೇಡ.

ಯೋಚಿಸಿ ನೋಡಿ. ಇಡೀ ರಾತ್ರಿ ಬೆಚ್ಚಗಿರುವ ಒಂದು ಡಬ್ಬಿ, ಮಳೆ ಬೀಳದ ಹಾಗೆ ಮೇಲೊಂದು ಪುಟ್ಟ ಮಾಡು, ಸುತ್ತ ಹುಳ. ಜೇಡಕ್ಕೆ ಇನ್ನೇನು ಬೇಕು? ಹಗಲಿನಲ್ಲಿ ಬಲೆ ಇದ್ದರೂ ಅಷ್ಟು ತೊಂದರೆಯಿಲ್ಲ. ಕತ್ತಲಾದ ಕೂಡಲೇ ಲೆನ್ಸಿನ ಸುತ್ತಲಿನ ಇನ್‌ಫ್ರಾರೆಡ್ ದೀಪ ಹೊತ್ತುತ್ತದೆ. ಆ ಬೆಳಕು ಬಲೆಯ ಎಳೆಗೆ ಬಡಿದು ನೇರ ಲೆನ್ಸಿಗೇ ವಾಪಸು. ಪರದೆ ತುಂಬ ಬಿಳಿ ಹಗ್ಗಗಳು. ಗಾಳಿಗೆ ಎಳೆ ಅಲುಗಿದರೆ ಅದೂ ಚಲನೆ, ಫೋನ್ ಟಣ್ ಅನ್ನುತ್ತದೆ. ಒಂದು ರಾತ್ರಿ ಇನ್ನೂರ ಚಿಲ್ಲರೆ ಎಚ್ಚರಿಕೆ ಬಂದವು. ಮನೆಯವಳು ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬಿಯಲ್ಲಿಟ್ಟು ಬಂದಳು.

ಮನುಷ್ಯರನ್ನು ಮಾತ್ರ ಗುರುತಿಸುವ ಸೆಟ್ಟಿಂಗ್ ಹಾಕಿದ ಮೇಲೆ ಟಣ್ ನಿಂತಿತು. ಬಲೆ ನಿಲ್ಲಲಿಲ್ಲ. ಕಾಳುಮೆಣಸಿನ ಕೊಯ್ಲಿನಲ್ಲಿ ಒಂದು ರಾತ್ರಿ ಉಣಗೋಲಿನ (ಬೇಲಿಯ ಕೋಲುಬಾಗಿಲಿನ) ಹತ್ತಿರ ಚೀಲ ಹೊತ್ತ ಒಬ್ಬ ಕ್ಯಾಮೆರಾಕ್ಕೆ ಸಿಕ್ಕಿಬಿದ್ದ. ಚೀಲ ಸ್ಪಷ್ಟ, ಚಪ್ಪಲಿ ಸ್ಪಷ್ಟ, ಮುಖದ ಮೇಲೆ ಮಾತ್ರ ಜೇಡ ಕೂತಿದೆ. ನಿಜಕ್ಕೂ ಜೇಡವೇ, ಎಂಟೂ ಕಾಲು ಕಾಣುತ್ತವೆ.

ಅಲ್ಲಿಂದ ಶುರುವಾಯಿತು ನನ್ನ ಯುದ್ಧ. ಮೊದಲು ದಿನಾ ಸಂಜೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಗುಡಿಸಿದೆ. ಬೆಳಗಾಗುವುದರೊಳಗೆ ಹೊಸ ಬಲೆ. ಬೇವಿನೆಣ್ಣೆ ಹಚ್ಚಿದೆ. ಎರಡು ದಿನ ಜೇಡ ಬರಲಿಲ್ಲ, ಆದರೆ ಎಣ್ಣೆ ಗಾಜಿಗೆ ಹರಿದು ಧೂಳು ಅಂಟಿ ಚಿತ್ರ ಮಂಕಾಯಿತು. ಬಟ್ಟೆಯಲ್ಲಿ ನುಸಿಗುಳಿಗೆ ಕಟ್ಟಿ ನೇತುಹಾಕಿದೆ. ಜೇಡ ಆ ಗಂಟಿಗೇ ಎಳೆ ಕಟ್ಟಿತು. ಇದರ ಮಧ್ಯೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಒಂದು ಕ್ಯಾಮೆರಾಕ್ಕೂ ಧಾರಾಳವಾಗಿ ಹೊಡೆದು ಹೋದರು. ಸುಣ್ಣ, ಮೈಲುತುತ್ತದ ನೀಲಿ ಕಲೆ ಗಾಜಿನ ಮೇಲೆ ಒಣಗಿ ಕೂತಿತ್ತು. ಅದಕ್ಕೂ ಜೇಡ ಹೆದರಲಿಲ್ಲ. ಈಗ ಔಷಧಿ ಹೊಡೆಯುವ ದಿನ ನಾಲ್ಕಕ್ಕೂ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವೆ.

ಕೊನೆಗೆ ಕೆಲಸಕ್ಕೆ ಬಂದದ್ದು ತೀರ ಸರಳ ಉಪಾಯ. ಕ್ಯಾಮೆರಾದೊಳಗಿನ ದೀಪವನ್ನೇ ಸೆಟ್ಟಿಂಗಿನಲ್ಲಿ ಆರಿಸಿದೆ. ಬೇರೆ ಇನ್‌ಫ್ರಾರೆಡ್ ದೀಪ ತಂದು ಮೂರು ಮೀಟರ್ ಆಚೆ ಇನ್ನೊಂದು ಕಂಬಕ್ಕೆ ಹಾಕಿದೆ. ಬಲೆ ಈಗ ದೀಪದ ಮೇಲೆ, ಕಟ್ಟಿಕೊಳ್ಳಲಿ. ಲೆನ್ಸಿನ ಮೇಲೆ ಒಂದೆರಡು ಎಳೆ ಇದ್ದರೂ ಬೆಳಕು ಪಕ್ಕದಿಂದ ಬರುವುದರಿಂದ ಅಷ್ಟು ಹೊಳೆಯುವುದಿಲ್ಲ. ಮಳೆಹನಿಯ ಕಾಟವೂ ಕಡಿಮೆಯಾಯಿತು. ಚೀಲದವನು ಮತ್ತೊಮ್ಮೆ ಬಂದಾಗ ಮುಖ ಸಿಕ್ಕಿತು. ಊರೊಳಗೇ ಮಾತಾಡಿ ಮುಗಿಸಿದೆವು, ಆ ವಿಷಯ ಇಲ್ಲಿಗೆ ಸಾಕು.

ಲೆನ್ಸಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಕೇಳದೇ ಇದ್ದರೆ 2.8 ಎಂಎಂ ಕೊಡುತ್ತಾರೆ. ಅದು ಅಂಗಳಕ್ಕೆ ಸರಿ. ಮೂವತ್ತು ಮೀಟರ್ ದೂರದಲ್ಲಿ ಅದು ಎಪ್ಪತ್ತು ಮೀಟರ್ ಅಗಲ ತೋರಿಸುತ್ತದೆ, ಮನುಷ್ಯ ಇರುವೆಯಾಗುತ್ತಾನೆ. ಬೇಲಿಯ ಉದ್ದಕ್ಕೆ ನೋಡಲು, ಅಗಲ ಕಡಿಮೆ ಮಾಡಿ ದೂರದ್ದನ್ನು ದೊಡ್ಡದಾಗಿ ತೋರಿಸುವ 6 ಎಂಎಂ ಕೇಳಿ ತನ್ನಿ. ಇನ್ನು ಗಡಿ ಪೂರ್ತಿ ನೋಡುವ ಆಸೆ ಬಿಡಿ. ನಮ್ಮ ಒಂದು ಕಿಲೋಮೀಟರಿನಲ್ಲಿ ಹೊರೆ ಹೊತ್ತು ಹೊರಬೀಳಬಹುದಾದ ಜಾಗ ನಾಲ್ಕೇ. ಎರಡು ಉಣಗೋಲು, ಒಂದು ಕಾಲುಸಂಕ, ಶೆಡ್ಡಿನ ಹಿಂದಿನ ಬಂಡಿದಾರಿ. ಉಳಿದ ಕಡೆ ಅಗಳ ಆಳವಿದೆ.

ರೆಕಾರ್ಡಿಂಗ್ 2 ಟಿಬಿ ಡಿಸ್ಕಿನಲ್ಲಿ ಸುಮಾರು ಮೂರು ವಾರ ಉಳಿಯುತ್ತದೆ. ಶೆಡ್ಡಿನಲ್ಲಿ ಹಳೇ ಇನ್‌ವರ್ಟರ್ ಇಟ್ಟಿದ್ದೇನೆ, ಕರೆಂಟ್ ಹೋದರೆ ಒಂದು ರಾತ್ರಿ ನಡೆಯುತ್ತದೆ. ಒಂದು ಕ್ಯಾಮೆರಾ ಪಕ್ಕದ ಮನೆಯ ಕೊಟ್ಟಿಗೆಯನ್ನೂ ನೋಡುತ್ತಿತ್ತು. ‘ಭಾವಾ, ನಮ್ಮ ದನಾನೂ ಕಾಯ್ತಾ ಇದೆಯಲ್ಲ, ಸಂಬಳ ಎಷ್ಟು ಕೊಡ್ಲಿ?’ ಅಂತ ಅವರು ಕೇಳಿದ ದಿನವೇ ತಿರುಗಿಸಿದೆ. ಹೊಸದಾಗಿ ಕೊಳ್ಳುವವರು ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಪರೀಕ್ಷಾ ವಿಭಾಗ) ಪ್ರಮಾಣಪತ್ರ ಇದೆಯಾ ಅಂತ ಅಂಗಡಿಯಲ್ಲಿ ಕೇಳಿ. 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಈ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ.

ಖರ್ಚು: ಸಿಮ್ಮಿನವು ಮೂರಕ್ಕೆ ಇಪ್ಪತ್ತೈದು ಸಾವಿರ, ಮೇಲೆ ರೀಚಾರ್ಜು. ತಂತಿಯದ್ದು ಕೂಲಿ, ಫೈಬರ್, ರೆಕಾರ್ಡರ್, ಸಿಡಿಲಿಗೆ ಹೋದದ್ದರ ಬದಲಿ ಎಲ್ಲ ಸೇರಿ ಅರವತ್ತೆಂಟು ಸಾವಿರ. ಜಾಸ್ತಿಯೇ. ನಾನು ಊರಲ್ಲೇ ಇರುವವನು, ಏಣಿ ಹತ್ತಿ ಗಾಜು ಒರೆಸಬಲ್ಲೆ, ಹಾಗಾಗಿ ನನಗೆ ಒಗ್ಗಿತು. ಬೆಂಗಳೂರಿನಲ್ಲಿದ್ದು ಬೇಸಿಗೆಯಲ್ಲಿ ಎರಡು ತಿಂಗಳು ಮೆಣಸಿಗೆ ಕಾವಲು ಬೇಕು ಅನ್ನುವವರಿಗೆ ನನ್ನ ಹಾಗೆ ಕಾಲುವೆ ತೋಡಿ ಅನ್ನುವುದಿಲ್ಲ. ಅವರಿಗೆ ಸಿಮ್ಮಿನದೇ ಸಾಕು.

ನನ್ನ ಮೂರರಲ್ಲಿ ಒಂದನ್ನು ಕೊಯ್ಲಿನ ಸಮಯ ಅಡಿಕೆ ಒಣಗಿಸುವ ಅಂಗಳಕ್ಕೆ ಹಾಕುತ್ತೇನೆ. ಅಲ್ಲಿ ಬಿಸಿಲಿಗೆ ಬರವಿಲ್ಲ, ಚೆನ್ನಾಗಿ ನಡೆಯುತ್ತದೆ. ಇನ್ನೆರಡು ಅಟ್ಟದಲ್ಲಿವೆ. ಮೊನ್ನೆ ಮಗ ಒಂದನ್ನು ಇಳಿಸಿ ನೋಡಿದ. ಅದರ ಮಾಡಿನೊಳಗೂ ಜೇಡ ಬಲೆ ಕಟ್ಟಿತ್ತು.