ಎರಡು ಮಳೆಗಾಲದ ನಂತರ: ಒಂದು ಹಾರ್ಡ್‌ಟೇಲ್, ಒಂದು ರೋಡ್ ಬೈಕ್

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಎರಡು ಸೈಕಲ್. ಒಂದು, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ (ಎಂಟಿಬಿ), ಅಂದರೆ 29 ಇಂಚು ಚಕ್ರದ ಅಲ್ಯೂಮಿನಿಯಂ ಹಾರ್ಡ್‌ಟೇಲ್: ಸ್ಮಾಲ್ ಸೈಜ್, ಮುಂದೆ 100 ಮಿ.ಮೀ. ಕುಗ್ಗುವ, ಗಾಳಿ ತುಂಬಿದ ಏರ್ ಫೋರ್ಕ್, ಶಿಮಾನೊ ಡಿಯೋರ್ 12 ಸ್ಪೀಡ್, ಮುಂದೆ ಒಂದೇ ಚೈನ್‌ರಿಂಗ್, ಹಿಂದೆ 10–51 ಹಲ್ಲಿನ ಕ್ಯಾಸೆಟ್ (ಗೇರ್ ಚಕ್ರಗಳ ಗೊಂಚಲು). ಪೆಡಲ್ ಸೇರಿ 13 ಕೆ.ಜಿ. ಹತ್ತಿರ. ಇನ್ನೊಂದು, ಡಿಸ್ಕ್ ಬ್ರೇಕಿನ ರೋಡ್ ಬೈಕ್: ಮುಂದೆ 50/34 ಹಲ್ಲು, ಹಿಂದೆ 11–34, 28 ಮಿ.ಮೀ. ಟೈರ್. ತುಳಿಯುವವಳು ನಾನು: ತೂಕ 56 ಕೆ.ಜಿ., ಎತ್ತರ 160 ಸೆಂ.ಮೀ. ಓಡಿದ್ದು ಮಡಿಕೇರಿ, ಗಾಳಿಬೀಡು, ಕಕ್ಕಬ್ಬೆ ಕಡೆಯ ತೋಟದ ದಾರಿಗಳಲ್ಲಿ, ಸಂಪಾಜೆ ಘಾಟಿಯಲ್ಲಿ, ಮತ್ತು ಹವ್ಯಾಸಿ ಮಹಿಳಾ ವಿಭಾಗದ ರೇಸುಗಳಲ್ಲಿ. ಸೈಕಲ್ ಕಂಪನಿಯ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಈ ದರ್ಜೆಯಲ್ಲಿ ಯಾವ ಫ್ರೇಮ್ ತಂದರೂ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಆಗುವುದೆಲ್ಲ ಅದನ್ನು ಹೇಗೆ ಹೊಂದಿಸಿಕೊಂಡಿರಿ ಎಂಬುದರಲ್ಲಿ.

ಅಂಗಡಿಯಿಂದ ಬಂದ ಹಾಗೆಯೇ ಓಡಿಸಿದರೆ ಹಾರ್ಡ್‌ಟೇಲಿಗೆ ಹತ್ತಕ್ಕೆ ಐದು ಅಂಕ ಕೊಡಬಹುದು. ಹೊಂದಿಸಿದ ಮೇಲೆ ಎಂಟು. ಫೋರ್ಕ್, ಹ್ಯಾಂಡಲ್, ಸೀಟ್, ಗೇರ್ ನಾಲ್ಕೂ ಬರುವುದು ಇನ್ನೂ 15–20 ಕೆ.ಜಿ. ಹೆಚ್ಚು ತೂಗುವ, ಅಗಲ ಭುಜದ ಸವಾರನ ಲೆಕ್ಕದಲ್ಲಿ. ಹಗುರ ಮೈಯ ಹೆಣ್ಣುಮಕ್ಕಳು 'ಎಂಟಿಬಿ ಅಂದರೆ ಕೈಯೆಲ್ಲ ಜೋಮು ಹಿಡಿಯುತ್ತೆ' ಎನ್ನುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. ಉಳಿದ ಕಾಲು ಪಾಲು ನಮ್ಮ ಮಳೆಯದು.

ಫೋರ್ಕಿನಿಂದಲೇ ಶುರು ಮಾಡುತ್ತೇನೆ, ಅತಿ ಹೆಚ್ಚು ತಪ್ಪುವುದು ಅಲ್ಲೇ. ಫೋರ್ಕಿನ ಕಾಲಿನ ಮೇಲೆ ಅಂಟಿಸಿರುವ ಗಾಳಿಯ ಪಟ್ಟಿ ಬರೀ ಆರಂಭದ ಅಂದಾಜು. ಹೆಲ್ಮೆಟ್, ಶೂ, ನೀರಿನ ಬಾಟಲಿ ಸಮೇತ ಸೈಕಲ್ ಹತ್ತಿ, ಗೋಡೆಗೆ ಒರಗಿ, ಫೋರ್ಕಿನ ಮೇಲಿರುವ ರಬ್ಬರ್ ರಿಂಗನ್ನು ಕೆಳಗೆ ತಳ್ಳಿ, ಮೆಲ್ಲಗೆ ಇಳಿಯಿರಿ. 100 ಮಿ.ಮೀ. ಫೋರ್ಕಿನಲ್ಲಿ ರಿಂಗ್ 20ರಿಂದ 25 ಮಿ.ಮೀ. ಮೇಲೆ ಸರಿದಿರಬೇಕು. ಪಟ್ಟಿಯ ಲೆಕ್ಕದಲ್ಲಿ ಗಾಳಿ ತುಂಬಿದಾಗ ನನಗೆ 14 ಮಿ.ಮೀ. ಬಂತು, ಎಂಟು ಪಿ.ಎಸ್.ಐ. ಇಳಿಸಿದ ಮೇಲೆ 22 ಆಯಿತು. ಪಂಪ್ ಬಿಚ್ಚುವಾಗ 'ಸುಸ್' ಎಂದು ಹೋಗುವ ಗಾಳಿ ಪಂಪಿನ ಪೈಪಿನದು, ಫೋರ್ಕಿನದಲ್ಲ. ಅದಕ್ಕೆ ಹೆದರಿ ಎರಡು ಪಿ.ಎಸ್.ಐ. ಜಾಸ್ತಿ ತುಂಬುವುದು ಬೇಡ.

ಈ ಇಳಿತ, ಅಂದರೆ ಸ್ಯಾಗ್, ಸರಿಯಾದರೂ ಕೆಲಸ ಮುಗಿಯಲಿಲ್ಲ. ಗಾಳಿ ಕಡಿಮೆ ಆದರೆ ಫೋರ್ಕನ್ನು ವಾಪಸ್ ಮೇಲಕ್ಕೆ ತಳ್ಳುವ ಬಲವೂ ಕಡಿಮೆ. ಫೋರ್ಕ್ ವಾಪಸ್ ಏಳುವ ವೇಗ ಹೊಂದಿಸುವ ರಿಬೌಂಡ್ ಗುಬ್ಬಿ ಮಾತ್ರ ಭಾರದ ಸವಾರನಿಗೆ ಇದ್ದಲ್ಲೇ ಇದ್ದರೆ ಫೋರ್ಕ್ ಒಂದು ಬೇರಿಗೆ ಕುಸಿದು, ಏಳುವಷ್ಟರಲ್ಲಿ ಎರಡನೇ ಬೇರು ಬಂದಿರುತ್ತದೆ. ಮೂರನೆಯದಕ್ಕೆ ಸಸ್ಪೆನ್ಷನ್ನೇ ಉಳಿದಿರುವುದಿಲ್ಲ, ಹೊಡೆತ ಅಂಗೈಗೆ. ಸಿಲ್ವರ್ ಓಕ್ ಬೇರು ಸಾಲಾಗಿ ಅಡ್ಡ ಬಿದ್ದಿರುವ ತೋಟದ ಇಳಿಜಾರಿನಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಗುಬ್ಬಿಯನ್ನು ಪೂರ್ತಿ ವೇಗದ ಕಡೆಗೆ ತಿರುಗಿಸಿ, ಅಲ್ಲಿಂದ ಒಂದೊಂದೇ ಕ್ಲಿಕ್ ನಿಧಾನ ಮಾಡುತ್ತ ಬನ್ನಿ. ಫೋರ್ಕನ್ನು ಜೋರಾಗಿ ಒತ್ತಿ ಬಿಟ್ಟಾಗ ಮುಂದಿನ ಚಕ್ರ ನೆಲ ಬಿಟ್ಟು ಹಾರಬಾರದು, ಅಷ್ಟೇ. ನನಗೆ ಸರಿಯಾದದ್ದು ಪೂರ್ತಿ ವೇಗದಿಂದ ಮೂರನೇ ಕ್ಲಿಕ್ಕಿನಲ್ಲಿ. ಒರಟು ದಾರಿಯಲ್ಲಿ ಓಡಿಸಿ ಬಂದರೂ ರಬ್ಬರ್ ರಿಂಗ್ 75 ಮಿ.ಮೀ. ದಾಟಿಲ್ಲವೆಂದರೆ ಗಾಳಿಯ ಜಾಗ ಕಡಿಮೆ ಮಾಡಲು ಒಳಗಿಟ್ಟ ಪ್ಲಾಸ್ಟಿಕ್ ಟೋಕನ್ ಒಂದನ್ನು ತೆಗೆಯಿರಿ. ಮೇಲಿನ ಮುಚ್ಚಳ ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಲೇಬೇಕು, ಇಲ್ಲದಿದ್ದರೆ ಮುಚ್ಚಳ ಮುಖಕ್ಕೆ ಹಾರುತ್ತದೆ.

ಫೋರ್ಕಿನ ಕೆಳಕಾಲುಗಳ ಸರ್ವಿಸ್ ಸುಮಾರು 50 ಗಂಟೆಗೊಮ್ಮೆ ಅನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಅದನ್ನು 30 ಎಂದು ಓದಿಕೊಳ್ಳಿ. ಬಿಚ್ಚಿದಾಗ ಒಳಗಿನ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಮನೆಯಲ್ಲೇ ಮಾಡಬಹುದು: ಗಾಳಿ ಬಿಟ್ಟು, ಕೆಳಗಿನ ಎರಡು ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಲ್ಲಿ ಬೋಲ್ಟಿನ ತಲೆಗೆ ಮೆಲ್ಲಗೆ ತಟ್ಟಿದರೆ ಒಳಗಿನ ಕಡ್ಡಿ ಬಿಟ್ಟುಕೊಳ್ಳುತ್ತದೆ. ಬೋಲ್ಟ್ ಪೂರ್ತಿ ತೆಗೆದು ಕಾಲುಗಳನ್ನು ಕೆಳಗೆ ಎಳೆದುಕೊಳ್ಳಿ. ಸ್ಪಂಜಿನ ರಿಂಗನ್ನು ತೊಳೆದು ಎಣ್ಣೆಯಲ್ಲಿ ನೆನೆಸಿ, ಸೀಲಿಗೆ ಫೋರ್ಕ್ ಗ್ರೀಸ್ ಸವರಿ ವಾಪಸ್ ಕೂರಿಸಿ. ಹೊಸ ಎಣ್ಣೆ ಎಷ್ಟು ಮಿ.ಲೀ., ಬೋಲ್ಟಿಗೆ ಟಾರ್ಕ್ ಎಷ್ಟು ಎಂಬುದಕ್ಕೆ ಆಯಾ ಮಾಡೆಲಿನ ಕೈಪಿಡಿಯನ್ನೇ ನೋಡಬೇಕು, ಒಂದರ ಲೆಕ್ಕ ಇನ್ನೊಂದಕ್ಕೆ ಆಗುವುದಿಲ್ಲ. ಫೋರ್ಕಿನ ಚಲನೆಯನ್ನು ಹದಕ್ಕಿಡುವ ಡ್ಯಾಂಪರ್ ತನಕ ಹೋಗುವ ಕೆಲಸವಿದ್ದರೆ ಮೈಸೂರಿಗೋ ಬೆಂಗಳೂರಿಗೋ ಕಳಿಸುವುದೇ ಮೇಲು.

ಬ್ರೇಕ್. ಜೊತೆಗೆ ಬಂದ ರೆಸಿನ್ ಪ್ಯಾಡ್ ಒಣ ನೆಲದಲ್ಲಿ ಸದ್ದಿಲ್ಲದೆ, ಹದವಾಗಿ ಹಿಡಿಯುತ್ತದೆ. ಆದರೆ ಕೆಂಪು ಕೆಸರಿನ ನುಣ್ಣನೆಯ ಮರಳು ಅದರ ಪಾಲಿಗೆ ಅರದ ಹಾಗೆ. ಮಳೆಗಾಲದ ಒಂದೇ ರೇಸಿನಲ್ಲಿ ಹಿಂದಿನ ಪ್ಯಾಡ್ ಅರ್ಧ ಸವೆದಿದ್ದಿದೆ. ಲೋಹದ ಪ್ಯಾಡ್, ಅಂದರೆ ಸಿಂಟರ್ಡ್, ಒದ್ದೆಯಲ್ಲಿ ಎರಡು ಪಟ್ಟಿಗೂ ಹೆಚ್ಚು ಬಾಳುತ್ತದೆ. ಬದಲಿಗೆ ಕಿರುಚುತ್ತದೆ, ಬಿಸಿಯಾಗುವ ತನಕ ಹಿಡಿತ ಸ್ವಲ್ಪ ಮಂಕು. ಕೊಳ್ಳುವ ಮೊದಲು ರೋಟರ್ (ಪ್ಯಾಡ್ ಹಿಡಿಯುವ ಡಿಸ್ಕ್) ಮೇಲೆ ಬರೆದಿರುವುದನ್ನು ಓದಿ. 'ರೆಸಿನ್ ಪ್ಯಾಡ್ ಓನ್ಲಿ' ಎಂದಿದ್ದರೆ ಲೋಹದ ಪ್ಯಾಡ್ ಆ ರೋಟರನ್ನು ತಿಂದುಹಾಕುತ್ತದೆ, ರೋಟರನ್ನೂ ಬದಲಿಸಬೇಕಾಗುತ್ತದೆ. ಪ್ಯಾಡಿನ ಉಜ್ಜುವ ಭಾಗ ಅರ್ಧ ಮಿ.ಮೀ.ಗೆ ಇಳಿದರೆ ಮುಗಿಯಿತು. ಶಿಮಾನೊ ರೋಟರ್ ಹೊಸದರಲ್ಲಿ 1.8 ಮಿ.ಮೀ. ದಪ್ಪ ಇರುತ್ತದೆ, 1.5ಕ್ಕೆ ಬಂದರೆ ತೆಗೆದುಹಾಕಬೇಕು. ಇದನ್ನು ಕಣ್ಣಂದಾಜಿನಲ್ಲಿ ಹೇಳಲು ಸಾಧ್ಯವಿಲ್ಲ, ವರ್ನಿಯರ್ ಬೇಕು.

ಹೊಸ ಪ್ಯಾಡ್ ಹಾಕಿ ನೇರ ರೇಸಿಗೆ ಹೋಗಬೇಡಿ. ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಹದಿನೈದಿಪ್ಪತ್ತು ಸಲ ಹಿಡಿದು ಬಿಟ್ಟು ಮಾಡಿದರೆ ಕಚ್ಚು ಬರುತ್ತದೆ. ಚಿಕ್ಕ ಕೈಯವರು ಲಿವರ್ ಹತ್ತಿರ ತರುವ ಸ್ಕ್ರೂ ಹುಡುಕಿ: ಒಂದೇ ಬೆರಳಿನ ಮೊದಲ ಗೆಣ್ಣು ಲಿವರಿನ ತುದಿಯ ಮೇಲೆ ಕೂರುವಷ್ಟು ಹತ್ತಿರ ಬರಬೇಕು. ಇಷ್ಟು ಮಾಡಿದರೆ ಉದ್ದ ಇಳಿಜಾರಿನಲ್ಲಿ ಮುಂಗೈ ಸೋಲುವುದು ಅರ್ಧಕ್ಕರ್ಧ ಕಡಿಮೆ. ಇನ್ನೊಂದು ಮಾತು: ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್. ಮೋಟರ್ ಬೈಕ್ ಮೆಕ್ಯಾನಿಕ್ 'ಎಲ್ಲಾ ಒಂದೇ' ಎಂದು ಡಾಟ್ ಫ್ಲೂಯಿಡ್ ತುಂಬಿದರೆ ಸೀಲುಗಳು ಊದಿಕೊಂಡು ಬ್ರೇಕ್ ಹೋಗುತ್ತದೆ.

ಟೈರನ್ನು ಟ್ಯೂಬ್‌ಲೆಸ್ ಮಾಡಿದ್ದು ಈ ಸೈಕಲಿಗೆ ಹಾಕಿದ ದುಡ್ಡಿನಲ್ಲೇ ಹೆಚ್ಚು ಸಾರ್ಥಕ. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ನಡೆದ ದಿನಗಳಲ್ಲಿ ತೋಟದ ದಾರಿ ತುಂಬ ಹಾಲುವಾಣದ ಕೊಂಬೆ ಬಿದ್ದಿರುತ್ತವೆ. ಅದರ ಮುಳ್ಳಿಗೆ ಟ್ಯೂಬ್ ತಡೆಯುವುದಿಲ್ಲ. 29 ಇಂಚಿನ ಒಂದು ಟೈರಿಗೆ 100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ), ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಇನ್ನೊಂದು 50 ಮಿ.ಲೀ. ಮುಳ್ಳು ಕಂಡ ತಕ್ಷಣ ಕೀಳಬೇಡಿ. ಕಿತ್ತರೆ ಚಕ್ರ ತಿರುಗಿಸಿ ತೂತನ್ನು ಕೆಳಗೆ ತಂದು ನಿಲ್ಲಿಸಿ, ಸೀಲೆಂಟ್ ಅಲ್ಲಿಗೆ ಹರಿದು ಬರಲಿ. ವಾಲ್ವ್ ಒಳಗೆ ಸೀಲೆಂಟ್ ಗಟ್ಟಿಯಾಗಿ ಗಾಳಿ ಹೋಗದಂತೆ ಆಗುವುದು ಮಾಮೂಲಿ, ಹಾಗಾಗಿ ಎರಡು ವಾಲ್ವ್ ಕೋರ್ ಜೇಬಿನಲ್ಲಿರಲಿ.

ಗಾಳಿಯ ವಿಷಯದಲ್ಲಿ ಪೆಟ್ರೋಲ್ ಬಂಕಿನ ಅಂದಾಜು, ಹೆಬ್ಬೆರಳಿನ ಅಂದಾಜು ಎರಡೂ ಬೇಡ. ನನ್ನ ತೂಕಕ್ಕೆ ಮುಂದೆ 2.35 ಟೈರಿನಲ್ಲಿ 18 ಪಿ.ಎಸ್.ಐ., ಹಿಂದೆ 2.25ರಲ್ಲಿ 20. ಕಲ್ಲು ಹೆಚ್ಚಿರುವ ಟ್ರ್ಯಾಕಿನಲ್ಲಿ ಎರಡಕ್ಕೂ ಎರಡೆರಡು ಹೆಚ್ಚು. 25ಕ್ಕಿಂತ ಕೆಳಗೆ ಕಾಲುಪಂಪಿನ ಮುಳ್ಳನ್ನು ನಂಬಲಾಗದು, ಡಿಜಿಟಲ್ ಗೇಜ್ ತಗೊಳ್ಳಿ. 70 ಕೆ.ಜಿ. ತೂಗುವ ಗೆಳೆಯ 26 ಹಾಕುತ್ತಾನೆಂದು ನೀವೂ ಹಾಕಿದರೆ ಒದ್ದೆ ಬೇರಿನ ಮೇಲೆ ಟೈರ್ ತಗ್ಗುವುದೇ ಇಲ್ಲ, ಜಾರುತ್ತದೆ. ಮಳೆಗಾಲಕ್ಕೆ ಒತ್ತೊತ್ತಾದ ಗಿಡ್ಡ ಗುಬ್ಬಿಗಳ ಟೈರ್ ದಂಡ. ಜೇಡಿ ಮೆತ್ತಿಕೊಂಡು ನೂರು ಮೀಟರಿನಲ್ಲಿ ನುಣ್ಣಗಾಗುತ್ತದೆ, ಮತ್ತೆ ಅದೇ ಜೇಡಿ ಹಿಂದಿನ ಫ್ರೇಮಿಗೆ ಉಜ್ಜಿ ಬಣ್ಣ ಕೀಳುತ್ತದೆ. ಗುಬ್ಬಿಗಳ ನಡುವೆ ಜಾಗ ಇರುವುದನ್ನೇ ಆರಿಸಿ.

ಗೇರಿನಲ್ಲಿ ಒಂದೇ ಬದಲಾವಣೆ: ಮುಂದಿನ 32 ಹಲ್ಲಿನ ರಿಂಗ್ ತೆಗೆದು 30. ನಿಮಿಷಕ್ಕೆ 70 ಸುತ್ತು ತುಳಿದರೆ 32–51ರಲ್ಲಿ ಗಂಟೆಗೆ 6 ಕಿ.ಮೀ., 30–51ರಲ್ಲಿ 5.6. ಕಾಗದದ ಮೇಲೆ ಏನೂ ಅಲ್ಲ. ಕಣದಿಂದ ಮೇಲಿನ ತೋಟಕ್ಕೆ ಜೀಪ್ ಹತ್ತುವ ಏರಿನಲ್ಲಿ ಕೂತೇ ತುಳಿಯುವುದೋ, ಇಳಿದು ತಳ್ಳುವುದೋ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಎದ್ದು ನಿಂತರೆ ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಕಳೆದುಕೊಳ್ಳುವುದು ಚಪ್ಪಟೆ ರಸ್ತೆಯಲ್ಲಿ 90 ಸುತ್ತು ತುಳಿದಾಗ ಗಂಟೆಗೆ ಸುಮಾರು ಎರಡೂವರೆ ಕಿ.ಮೀ. ವೇಗ. ಎಂಟಿಬಿ ರೇಸಿನಲ್ಲಿ ಅದನ್ನು ಯಾರು ಕೇಳುತ್ತಾರೆ!

12 ಸ್ಪೀಡ್ ಚೈನ್ ಶೇಕಡಾ 0.5 ಹಿಗ್ಗಿದಾಗ ಬದಲಿಸಬೇಕು. ಒಣ ತಿಂಗಳುಗಳಲ್ಲಿ ಎರಡೂವರೆ ಸಾವಿರ ಕಿ.ಮೀ. ಬಂದದ್ದು ಮಳೆಯಲ್ಲಿ ಸಾವಿರದ ಆಸುಪಾಸಿಗೇ ಮುಗಿಯಿತು. ಅಳೆಯುವ ಗೇಜ್ ಅಗ್ಗ, ಕ್ಯಾಸೆಟ್ ದುಬಾರಿ. ಲೆಕ್ಕ ನೀವೇ ಹಾಕಿ. ಕರಗಿಸಿ ಹಾಕುವ ಮೇಣ ಡಿಸೆಂಬರಿನಿಂದ ಏಪ್ರಿಲ್ ತನಕ ಅದ್ಭುತ, ಆದರೆ ಕಾಫಿ ಹೂ ಅರಳಿಸುವ ಹೂಮಳೆಯ ಒಂದು ಹೊಡೆತಕ್ಕೆ ತೊಳೆದು ಹೋಗುತ್ತದೆ. ಮಳೆಗಾಲಕ್ಕೆ ದಪ್ಪ ವೆಟ್ ಲ್ಯೂಬ್, ಪ್ರತಿ ಕೊಂಡಿಗೆ ಒಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಿಂದ ಒರೆಸಬೇಕು. ಒರೆಸದಿದ್ದರೆ ಅದೇ ಎಣ್ಣೆಗೆ ಮಣ್ಣು ಅಂಟಿ ಅರೆಯುತ್ತದೆ. ಸ್ಪ್ರೇ ಮಾತ್ರ ಮುಟ್ಟಬೇಡಿ, ರೋಟರಿಗೆ ಹಾರಿದರೆ ಪ್ಯಾಡ್ ಎಸೆಯಬೇಕಾದೀತು. ಜೀಪ್ ತೊಳೆಯುವ ಪ್ರೆಷರ್ ಗನ್ನಿಗೂ ಇದೇ ಮಾತು: ಹಬ್, ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್), ಹ್ಯಾಂಡಲ್ ಕೆಳಗಿನ ಬೇರಿಂಗ್ ಆದ ಹೆಡ್‌ಸೆಟ್ ಮೂರರ ಗ್ರೀಸನ್ನೂ ಹೊರಗೆ ತಳ್ಳುತ್ತದೆ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟ್‌ಪೋಸ್ಟ್ ಹೊರಗೆ ಎಳೆದು ಸೈಕಲನ್ನು ತಲೆಕೆಳಗು ಮಾಡಿ. ಸುರಿಯುವ ನೀರು ನೋಡಿದರೆ ಆಶ್ಚರ್ಯವಾಗುತ್ತದೆ. ಒರೆಸಿ, ಗ್ರೀಸ್ ಹಚ್ಚಿ, ಗುರುತಿನ ತನಕ ವಾಪಸ್ ಇಳಿಸಿ. ಬಿಟ್ಟರೆ ಪೋಸ್ಟ್ ಫ್ರೇಮಿನೊಳಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಗರಗಸವೇ ಗತಿ.

ಸೀಟಿನ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಬೆಂಚಿನ ಮೇಲಿಟ್ಟು ಮೊಣಕಾಲು ಎತ್ತಿ ಕೂತರೆ ಎರಡು ಮೂಳೆಗಳ ಗುಳಿ ಬೀಳುತ್ತದೆ. ಗುಳಿಗಳ ನಡುವಿನಿಂದ ನಡುವಿಗೆ ಅಳೆದು 20–25 ಮಿ.ಮೀ. ಸೇರಿಸಿ, ಅದು ಬೇಕಾದ ಸೀಟಿನ ಅಗಲ. ನನಗೆ 155 ಮಿ.ಮೀ., ಮಧ್ಯೆ ಸೀಳು ಇರುವುದು. ಮೆತ್ತನೆಯ ಜೆಲ್ ಕವರ್ ತೊಂದರೆ ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡದು, ಏಕೆಂದರೆ ಭಾರ ಮೂಳೆಯಿಂದ ಮೃದು ಭಾಗಕ್ಕೆ ಸರಿಯುತ್ತದೆ. ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು. ಹೊಲಿಗೆಯೇ ಗಾಯ ಮಾಡುತ್ತದೆ. ಭುಜದ ಪಟ್ಟಿ ಇರುವ ಬಿಬ್ ಶಾರ್ಟ್ಸ್ ಕೊಳ್ಳುವವರು ಹಿಂದೆ ಬಿಚ್ಚಿ ಇಳಿಸುವಂಥದ್ದನ್ನೇ ಕೊಳ್ಳಿ. ರೇಸಿನ ಜಾಗದಲ್ಲಿ ಶೌಚಾಲಯ ಹುಡುಕುವುದೇ ಒಂದು ಸ್ಪರ್ಧೆ, ಅಲ್ಲಿ ಜೆರ್ಸಿ ಪೂರ್ತಿ ಕಳಚುವ ಪಾಡು ಬೇಡ.

ಹ್ಯಾಂಡಲ್ 760 ಮಿ.ಮೀ. ಬಂತು, 700ಕ್ಕೆ ಕತ್ತರಿಸಿದೆ. ಒಂದೇ ಸಲಕ್ಕೆ ಕತ್ತರಿಸದೆ, ಮೊದಲು ಗ್ರಿಪ್, ಲಿವರುಗಳನ್ನು ಒಳಗೆ ಸರಿಸಿಕೊಂಡು ವಾರ ಓಡಿಸಿ ನೋಡಬೇಕು. ತುದಿಗೆ ಬಿರಡೆ ಹಾಕಲು ಮರೆಯಬೇಡಿ. ಬರಿ ತುದಿಯ ಹ್ಯಾಂಡಲ್ ಬಿದ್ದಾಗ ಹೊಟ್ಟೆಗೆ ಚುಚ್ಚುತ್ತದೆ, ರೇಸಿನ ತಪಾಸಣೆಯಲ್ಲೂ ಬಿಡುವುದಿಲ್ಲ.

ರೋಡ್ ಬೈಕಿನ ಬಗ್ಗೆ ಹೇಳುವುದು ಕಡಿಮೆ, ಕಾಟ ಕೊಟ್ಟಿದ್ದೂ ಕಡಿಮೆ. ಸಂಪಾಜೆಯಿಂದ ಮಡಿಕೇರಿಗೆ ಏರುವ ಹೆದ್ದಾರಿ ಕಡಿದಲ್ಲ, ಉದ್ದ. ಅಲ್ಲಿಗೆ 34–28 ಸಾಕು. 34–34 ಬೇಕಾಗುವುದು ತಲಕಾವೇರಿಯ ಕೊನೆಯ ಏರಿನಂಥ ಕಡೆ. ಟ್ಯೂಬ್ ಹಾಕಿದ 28 ಮಿ.ಮೀ. ಟೈರಿಗೆ ಮುಂದೆ 60, ಹಿಂದೆ 65 ಪಿ.ಎಸ್.ಐ. ಟೈರಿನ ಮೇಲೆ 100 ಎಂದು ಬರೆದಿರುವುದು ಗರಿಷ್ಠ ಮಿತಿ, ಸಲಹೆಯಲ್ಲ. ಅಷ್ಟು ತುಂಬಿದರೆ ಹಗುರ ಮೈಯ ಸವಾರರಿಗೆ ತಿರುವಿನಲ್ಲಿ ಹಿಡಿತವೇ ಇರುವುದಿಲ್ಲ. ಘಾಟಿ ಇಳಿಯುವಾಗ ಬ್ರೇಕನ್ನು ಸದಾ ಸವರುತ್ತ ಬರಬೇಡಿ. ತಿರುವಿಗೆ ಮುಂಚೆ ಎರಡೂ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಡಿ, ರೋಟರಿಗೆ ತಣಿಯಲು ಸಮಯ ಸಿಗುತ್ತದೆ. ಸವರುತ್ತ ಬಂದರೆ ಪ್ಯಾಡಿನ ಮೈ ಗಾಜಿನಂತಾಗಿ ಹಿಡಿತ ತಪ್ಪುತ್ತದೆ. ಡ್ರಾಪ್ ಹ್ಯಾಂಡಲಿನ ಅಗಲ ಭುಜದ ಮೂಳೆಗೆ ಸರಿಯಾಗಿರಲಿ; ನನಗೆ 38 ಸೆಂ.ಮೀ., ಬಂದದ್ದು 42.

ರೇಸಿಗೆ ಒಯ್ಯುವ ಚೀಲದಲ್ಲಿ ಟೂಲ್, ಪ್ಲಗ್ ಕಿಟ್, ಪಂಪ್, 12 ಸ್ಪೀಡ್ ಚೈನಿನ ಕ್ವಿಕ್‌ಲಿಂಕ್ ಎರಡು ಇದ್ದೇ ಇರುತ್ತವೆ. ಮರೆಯುವುದು ಡಿರೇಲರ್ ಹ್ಯಾಂಗರ್, ಅಂದರೆ ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಕೂಡಿಸುವ ತುಂಡು. ಬಲಕ್ಕೆ ಬಿದ್ದರೆ ಮೊದಲು ಬಗ್ಗುವುದು ಅದೇ, ಅದರ ಆಕಾರ ಒಂದೊಂದು ಫ್ರೇಮಿಗೆ ಒಂದೊಂದು, ಮಡಿಕೇರಿಯಲ್ಲಿ ಹುಡುಕಿದರೂ ನಿಮ್ಮದು ಸಿಗುವ ಖಾತ್ರಿಯಿಲ್ಲ. ಸೈಕಲ್ ಕೊಂಡ ದಿನವೇ ಒಂದು ಹೆಚ್ಚಿಗೆ ತರಿಸಿಡಿ. ಜಿಗಣೆಗೆ ಸಾಕ್ಸಿನ ಮೇಲೆ ಉಪ್ಪುನೀರು ಚಿಮುಕಿಸುವವರು ಶೂ ತಳದ ಕ್ಲೀಟ್ (ಪೆಡಲಿಗೆ ಕಚ್ಚುವ ತುಂಡು) ಬೋಲ್ಟಿಗೆ ಗ್ರೀಸ್ ಹಚ್ಚಿರಬೇಕು, ಇಲ್ಲವೆಂದರೆ ತುಕ್ಕು ಹಿಡಿದು ಕ್ಲೀಟ್ ಬದಲಿಸಲು ಆಗುವುದಿಲ್ಲ. ಹೊಗೆಸೊಪ್ಪಿನ ನೀರಾದರೆ ಆ ತೊಂದರೆ ಇಲ್ಲ. ಸಿದ್ದಾಪುರ, ತಿತಿಮತಿ ಸುತ್ತಿನಲ್ಲಿ ನಸುಕು, ಮುಸ್ಸಂಜೆಯ ಅಭ್ಯಾಸ ಬೇಡವೇ ಬೇಡ: ಸೈಕಲಿಗೆ ಸದ್ದಿಲ್ಲ, ತಿರುವಿನಾಚೆ ಆನೆ ನಿಂತಿದ್ದರೆ ಇಬ್ಬರಿಗೂ ಗೊತ್ತಾಗುವುದು ಹತ್ತಿರ ಬಂದ ಮೇಲೆಯೇ.

ಇದೇ ದರ್ಜೆಯ ಹಾರ್ಡ್‌ಟೇಲನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಬಣ್ಣ ನೋಡಿ ಬೆಲೆ ಕಟ್ಟಬೇಡಿ. ಫೋರ್ಕಿನ ಹೊಳೆಯುವ ಕಾಲಿನ ಹಿಂಬದಿಗೆ ಉಗುರು ಎಳೆದು ನೋಡಿ, ಗೀರು ತಾಕಿದರೆ ಎಣ್ಣೆ ಸೋರುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆಮುಂದೆ ಅಲುಗಾಡಿಸಿ. ಫೋರ್ಕಿನ ಸೀಲ್ ಹತ್ತಿರ 'ಟಕ್' ಎಂದರೆ ಬುಷ್ ಸವೆದಿದೆ, ಹೆಡ್‌ಸೆಟ್ ಹತ್ತಿರವಾದರೆ ಬಿಗಿ ಮಾಡಿದರೆ ಸರಿಹೋಗಬಹುದು. ಚೈನ್ ಕಳಚಿ ಕ್ರ್ಯಾಂಕ್ ತಿರುಗಿಸಿ, ಮರಳು ಅರೆದಂತೆ ಅನಿಸಿದರೆ ಬಾಟಮ್ ಬ್ರಾಕೆಟ್ ಹೊಸದು ಬೇಕು. ಕೊನೆಗೆ ಸೀಟ್‌ಪೋಸ್ಟ್ ನಿಮ್ಮ ಕಣ್ಣೆದುರಿಗೇ ಎಳೆಸಿ. ಅಲುಗಾಡದಿದ್ದರೆ ಆ ಸೈಕಲ್ ಬಿಡಿ.