ಹೊಳೆ ಬಂದಾಗ ಕೈಯಲ್ಲಿರಬೇಕಾದ ನಕ್ಷೆ: ಆರ್ಗ್ಯಾನಿಕ್ ಮ್ಯಾಪ್ಸ್

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲ್ಲೂಕಿನ ನಮ್ಮ ತೋಟದ ವಸ್ತಿಯನ್ನು ಸುತ್ತುವರಿದಾಗ, ದೋಣಿಯವರಿಗೆ ಫೋನಿನಲ್ಲಿ ‘ದೊಡ್ಡ ಬೇವಿನ ಗಿಡದಿಂದ ಎಡಕ್ಕೆ, ಕಬ್ಬಿನ ಹೊಲ ದಾಟಿ ಬನ್ನಿ’ ಎಂದು ಗುರುತು ಹೇಳಿದ್ದೆ. ಕಬ್ಬೂ ದಾರಿಯೂ ನೀರಿನೊಳಗಿದ್ದವು. ದೋಣಿ ಬೇರೊಂದು ವಸ್ತಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ನಮ್ಮಲ್ಲಿಗೆ ಬಂತು. ಆ ಸಂಜೆಯನ್ನು ಮರೆಯಲಾಗದೆ, ಎರಡು ಮಳೆಗಾಲಗಳಿಂದ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಈ ಉಚಿತ ನಕ್ಷೆ ಆ್ಯಪ್ ಬಳಸುತ್ತಿದ್ದೇನೆ.

ಇದರ ಆಧಾರ 2004ರಲ್ಲಿ ಆರಂಭವಾದ, ಸ್ವಯಂಸೇವಕರು ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಹಲವು ದೇಶಗಳ ಜನರು ಉಪಗ್ರಹ ಚಿತ್ರಗಳನ್ನು ನೋಡಿ ಪೋರ್ಟ್-ಔ-ಪ್ರಿನ್ಸ್ ನಗರದ ಬೀದಿಗಳನ್ನು ಗುರುತಿಸಿ ರಕ್ಷಣಾ ತಂಡಗಳಿಗೆ ಒದಗಿಸಿದ್ದು ಇದೇ ನಕ್ಷೆಯಲ್ಲಿ. ಒಮ್ಮೆ ನಕ್ಷೆಯನ್ನು ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಆ್ಯಪ್ ನಡೆಯುತ್ತದೆ; ಜಿಪಿಎಸ್‌ಗೆ ಬೇಕಾದುದು ಉಪಗ್ರಹದ ಸಂಕೇತವೇ ಹೊರತು ಮೊಬೈಲ್ ಟವರ್ ಅಲ್ಲ. ಕರೆಂಟು ಹೋಗಿ ಟವರ್‌ಗಳು ಸ್ತಬ್ಧವಾಗುವ ಪ್ರವಾಹದಲ್ಲಿ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಬೇಸಿಗೆಯಲ್ಲಿ ನಾನು ಪ್ರತಿ ವಸ್ತಿಯ ಅಂಗಳದಲ್ಲಿ ನಿಂತು, ಪರದೆಯ ಮೇಲೆ ಬೆರಳೊತ್ತಿ ಗುರುತು ಹಾಕಿದೆ. ಅಕ್ಷಾಂಶ ರೇಖಾಂಶಗಳನ್ನು ಸುಣ್ಣದ ಗೋಡೆಯ ಮೇಲೆ ಬಾಗಿಲ ಪಕ್ಕದಲ್ಲಿ ದೊಡ್ಡ ಅಂಕಿಗಳಲ್ಲಿ ಬರೆಸಿದೆ. ತುರ್ತು ಸಹಾಯದ ಸಂಖ್ಯೆ 112ಕ್ಕೆ ಕರೆ ಮಾಡಿದವರು ಈಗ ಬೇವಿನ ಗಿಡದ ಬದಲು ಆ ಅಂಕಿಗಳನ್ನು ಓದಿ ಹೇಳಬಹುದು. ಗುರುತುಗಳ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ಪಂಚಾಯಿತಿಯವರಿಗೂ ಕಳಿಸಿದ್ದೇನೆ. ಹಾಸಿಗೆ ಹಿಡಿದ ಹಿರಿಯರು, ಬಾಣಂತಿಯರು ಇರುವ ಮನೆಗಳ ವಿವರ ಮಾತ್ರ ನಮ್ಮ ಫೋನಿನ ಗುರುತುಗಳಲ್ಲೇ ಇರಬೇಕು, ಎಲ್ಲರಿಗೂ ಕಾಣುವ ಸಾರ್ವಜನಿಕ ನಕ್ಷೆಗೆ ಅದನ್ನು ಸೇರಿಸಬಾರದು ಎಂಬುದು ನನ್ನ ಕಳಕಳಿಯ ವಿನಂತಿ.

ಕೊರತೆಗಳೂ ಇವೆ. ಇಳಿಸಿಕೊಂಡ ನಕ್ಷೆಗೆ ಇಂದಿನ ನೀರಿನ ಮಟ್ಟ ತಿಳಿಯದು. ಮುಧೋಳ–ಯಾದವಾಡ ಸೇತುವೆ ಮುಳುಗಿದ್ದರೂ ಅದು ಅದೇ ದಾರಿಯನ್ನು ತೋರಿಸಬಲ್ಲದು. ಆದ್ದರಿಂದ ಸೇತುವೆಯ ಸ್ಥಿತಿಯನ್ನು ತಾಲ್ಲೂಕು ಆಡಳಿತದಿಂದ ಕೇಳಿಯೇ ಹೊರಡಬೇಕು. ಎತ್ತರ ತೋರಿಸುವ ರೇಖೆಗಳು ಗುಡ್ಡಗಾಡಿಗೆ ಸರಿ. ನಮ್ಮ ಸಮತಟ್ಟಾದ ಎರಿ ಹೊಲಗಳಲ್ಲಿ ಯಾವ ಮನೆಗೆ ಮೊದಲು ನೀರು ಬರುತ್ತದೆಂದು ಅವು ಹೇಳಲಾರವು. ಅದಕ್ಕೆ ಹಿರಿಯರನ್ನೇ ಕೇಳಿದೆವು. 2019ರಲ್ಲಿ ನೀರು ಯಾವ ಕಟ್ಟೆಯ ತನಕ ಬಂದಿತ್ತೆಂದು ಅವರು ತೋರಿಸಿದ ಜಾಗಗಳಿಗೆಲ್ಲ ಗುರುತು ಹಾಕಿಕೊಂಡೆವು.

ಕನ್ನಡದ ಹೆಸರುಗಳೂ, ತೋಟಗಳಿಗೆ ಹೋಗುವ ಕಾಲುದಾರಿಗಳೂ ನಕ್ಷೆಯಲ್ಲಿ ಇನ್ನೂ ಕಡಿಮೆ. ಬಳಕೆದಾರರೇ ಅವನ್ನು ಸೇರಿಸಬಹುದು. ನಾವು ಸೇರಿಸಿದ್ದು ಮುಂದಿನ ಆವೃತ್ತಿಯನ್ನು ಇಳಿಸಿಕೊಂಡಾಗ ಎಲ್ಲರಿಗೂ ಕಾಣುತ್ತದೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದಿಂದ ನೀರು ಬಿಡುವ ದಿನಗಳು ಬರುವ ಮೊದಲೇ ಆ ಕೆಲಸವಾಗಬೇಕು.